ಪರದೆಗೆ ಚಿತ್ರ ಬರುವುದಿಲ್ಲ ಎಂದು ಬರೆದವನು ನಾನು

ಹಳೆಯ ಯಂತ್ರದ ಗಾಜಿನ ಪರದೆಯ ಹತ್ತಿರ ಕೈ ಒಯ್ದರೆ ಅವರ ಮುಂಗೈಯ ಬಿಳಿಗೂದಲು ನೆಟ್ಟಗೆ ಎದ್ದು ನಿಲ್ಲುತ್ತಿದ್ದವು. "ಜೀವ ಅದರಿ," ಎನ್ನುತ್ತಿದ್ದರು. ಬೀದರಿನ ನಮ್ಮ ಕಾಲೇಜಿನ ಲ್ಯಾಬ್ ಸಹಾಯಕರ ನಾಡಿಪರೀಕ್ಷೆ ಅದು. ಭಾತಂಬ್ರಾದಿಂದ ದಿನಾ ಬಸ್ಸಿಗೆ ಬರುವವರು. ಊಟದ ಬಿಡುವಿನಲ್ಲಿ ಹಳೆಯ ಯಂತ್ರಗಳ ಕೈಪಿಡಿ ಓದುವವರು. ನನಗಿಂತ ಹತ್ತು ವರ್ಷ ಹಿರಿಯರು. ವಿಭಾಗದ ಮುಖ್ಯಸ್ಥನಾದ ನಾನು ಅವರನ್ನು ಕರೆಯುತ್ತಿದ್ದುದು ಏಕವಚನದಲ್ಲಿ.

ಹಳೆಯ ಸಾಮಾನು ವಿಲೇವಾರಿಗೆ ಮೂವರ ಸಮಿತಿಯಾಯಿತು. ಅಧ್ಯಕ್ಷತೆಯ ಭಾರ ನನ್ನ ಹೆಗಲಿಗೆ. ಬಾಗಿಲಲ್ಲೇ ನಿಂತು ನೋಡುವುದು, ಚಹಾ ಕುಡಿಯುವುದು, ಸಹಿ ಹಾಕುವುದು: ಇದು ಇಂಥ ಸಮಿತಿಗಳ ಸನಾತನ ಪದ್ಧತಿ. ಮೂಲೆಯಲ್ಲಿ ಟೀವಿಗೆ ಕೀಲಿಮಣೆ ಅಂಟಿಸಿದಂಥ ಒಂದು ಹಳೆಯ ಟರ್ಮಿನಲ್ ಇತ್ತು. ನಾನು ಪದ್ಧತಿ ಮೀರಿ ನಾಲ್ಕು ಕೀಲಿ ಒತ್ತಿದೆ. ನಾಲ್ಕು ಹಸಿರು ಅಕ್ಷರ ಮೂಡಿದವು. "ಅಕ್ಷರಕ್ಕೆ ಮಾತ್ರ. ಚಿತ್ರ ಬಿಡಿಸುವ ಸಾಮರ್ಥ್ಯವಿಲ್ಲ. ಗುಜರಿಗೆ ಯೋಗ್ಯ," ಎಂದು ಬರೆದು ಸಹಿ ಮಾಡಿದೆ.

"ಹಂಗ ಅನ್ಬ್ಯಾಡ್ರಿ ಸಾಹೇಬ್ರ. ನಿನಗ ಏನೇನ್ ಬರ್ತದ ಅಂತ ಅದಕ್ಕೇ ಸವಾಲ್ ಹಾಕೋಣ್ರಿ. ತಾನೇ ಹೇಳ್ತದ," ಎಂದರು ಪಕ್ಕದಲ್ಲೇ ನಿಂತಿದ್ದ ಸಹಾಯಕರು.

"ಡಬ್ಬಿ ಮಾತಾಡ್ತದೇನೋ? ನೀ ಮೊದ್ಲು ಚಹಾ ತಾ."

ಸದಸ್ಯರು ನಕ್ಕರು.

ಚಹಾ ತಂದಿಟ್ಟು, ಲ್ಯಾಬಿನ ಕಂಪ್ಯೂಟರಿನಿಂದ ಟರ್ಮಿನಲ್ಲಿಗೆ ತಂತಿ ಜೋಡಿಸಿ, ಅವರು ಏನೋ ಕಳಿಸಿದರು. ಅಂಕಿಗಳ ಒಂದು ಸಾಲು ಮರಳಿ ಬಂತು. ಕೈಪಿಡಿಯಿಂದ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು: "ಇದಂದ್ರ ಗೆರಿ ಎಳೀತದ. ಇದಂದ್ರ ಬಣ್ಣ ಬರಲ್ಲ. ಖರೇ ಹೇಳ್ತದ ನೋಡ್ರಿ, ಬರಲಾರದ್ದು ಬರಲ್ಲ ಅಂತದ." ಆಮೇಲೆ, ಅವರೇ ಎಂದೋ ಲೆಕ್ಕ ಹಾಕಿಟ್ಟಿದ್ದ ಗೆರೆಗಳನ್ನು ಕಳಿಸಿದರು. ಅಷ್ಟೂರಿನ ಬಹಮನಿ ಗೋರಿಗಳ ಗುಮ್ಮಟಗಳು ಒಂದೊಂದಾಗಿ ಹಸಿರು ಬೆಳಕಿನಲ್ಲಿ ಎದ್ದವು.

ವರದಿ ಮೇಜಿನ ಮೇಲೇ ಇತ್ತು, ಹರಿದಿದ್ದರೆ ಸಾಕಿತ್ತು. ಇಬ್ಬರ ಎದುರು ಸೋಲಲಾರದೆ, "ಸಾಕ್ಷಿ ಸಹಿ ಹಾಕು," ಎಂದು ಅದನ್ನು ಅವರ ಕಡೆಗೇ ತಳ್ಳಿದೆ. ಪೂರ್ತಿ ಓದಿದರು. ಪರದೆಯನ್ನೊಮ್ಮೆ ನೋಡಿದರು. "ನೀವ್ ಬರ್ದೀರಿ ಅಂದಮ್ಯಾಲ ಆಯ್ತುರಿ," ಎಂದು ಸಹಿ ಹಾಕಿ ಸ್ವಿಚ್ ಆರಿಸಿದರು. ಮರುವಾರ ಗುಜರಿ ಗಾಡಿ ಬಂದಾಗ ಟರ್ಮಿನಲ್ಲನ್ನು ಎತ್ತಿ ಅದರಲ್ಲಿ ಇಟ್ಟವರೂ ಅವರೇ.

ಹೋದ ವರ್ಷ ತೀರಿಕೊಂಡರು. ಭಾತಂಬ್ರಾಕ್ಕೆ ಹೋದೆ, ಯಾರ ಕ್ಷಮೆ ಕೇಳಬೇಕಿತ್ತೋ ಅವರೇ ಇಲ್ಲದ ಮೇಲೆ ಹೋಗುವುದಕ್ಕೆ ಎಷ್ಟು ಧೈರ್ಯ ಬೇಕು! ಅವರ ಹೆಂಡತಿ ಕುರ್ಚಿ ಒರೆಸಿ ಕೂಡಿಸಿದರು. "ನಮ್ ಸಾಹೇಬ್ರಿಗಿ ತಿಳೀಲಾರದ ಮಷಿನೇ ಇಲ್ಲ ಅಂತಿದ್ರು ನೋಡ್ರಿ, ನಮ್ಮವರು."

ನಾನು ತಲೆ ತಗ್ಗಿಸಿದೆ. ಆ ತಾಯಿ ಅದನ್ನು ವಿನಯವೆಂದು ತಿಳಿದರು. ತಿಳಿಯಲಿ ಎಂದು ಸುಮ್ಮನಿದ್ದೆ.