ನಿಮ್ಮ ಮಗಳಾ ಎಂದು ಕೇಳಿದಾಗ

ಭವ್ಯಾ, ನಾವೆಲ್ಲ ಕೋಲಾರಕ್ಕೆ ನಾಟಕ ನೋಡಲು ಹೋದ ಆ ಶನಿವಾರ ನಿನ್ನ ಹಾಡನ್ನು ಒಬ್ಬರು ನಿಂತು ಕೇಳಿದ್ದರು. ನಿನ್ನನ್ನು ತಮ್ಮಲ್ಲಿಗೆ ಕಳಿಸಿಕೊಡಿ ಎಂದು ಕೇಳಲು ನನ್ನ ಬಳಿಗೆ ಬಂದಿದ್ದರು. ನಾನು ಆಗುವುದಿಲ್ಲ ಎಂದೆ. ನಿನ್ನನ್ನು ಕೇಳಲಿಲ್ಲ, ನಿನ್ನ ಅಮ್ಮನನ್ನು ಕೇಳಲಿಲ್ಲ. ನಾನೇ ನಿನ್ನ ತಾಯಿ ಎಂದು ಸುಳ್ಳು ಹೇಳಿ, ಆಗುವುದಿಲ್ಲ ಎಂದೆ.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗಲೂ ಖಾಲಿ ಮನೆಯಲ್ಲಿ ಗೋಡೆಗೆ ಹೇಳಿಕೊಳ್ಳುತ್ತಿದ್ದೇನೆ — ನಿನ್ನ ಮುಖ ಕಂಡಾಗ ಮಾತು ನಿಂತುಹೋದರೆ ಎಂಬ ಭಯಕ್ಕೆ.

ಆಗ ನೀನು ಎರಡನೇ ಪಿಯುಸಿ. ನನ್ನ ಅಮ್ಮ ತೀರಿಕೊಂಡು ವರ್ಷ ತುಂಬಿತ್ತು. ಮುಳಬಾಗಿಲಿನ ಆ ಹಳೆಯ ಮನೆಯಲ್ಲಿ ನಾನೊಬ್ಬಳೇ. ಬೆಳಗ್ಗೆ ಆಡಿಟರ್ ಕಚೇರಿಗೆ ಹೋಗಿ ಊರಿನ ಅಂಗಡಿಗಳ ಲೆಕ್ಕ ಬರೆಯುವುದು, ಸಂಜೆ ಬಂದು ಬೀಗ ತೆಗೆಯುವುದು. ಬೀಗ ತೆಗೆದು ಒಳಗೆ ಕಾಲಿಟ್ಟಾಗ ಮನೆಯಲ್ಲಿ ಏನೂ ಕದಲುವುದಿಲ್ಲ ನೋಡು — ಬೆಳಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇರುತ್ತದೆ — ಅದನ್ನು ಹೇಗೆ ಹೇಳುವುದೋ ತಿಳಿಯದು. ಆಗ ನಿನ್ನ ಅಮ್ಮ ನಾಗವೇಣಿ, ನನ್ನ ಹೈಸ್ಕೂಲಿನ ಗೆಳತಿ, ನಿನ್ನನ್ನು ನನ್ನಲ್ಲಿಗೆ ಕಳಿಸಿದಳು. "ಇವ್ಳಿಗೆ ಅಕೌಂಟ್ಸ್ ಹೇಳ್ಕೊಡೇ ವತ್ಸಲಾ. ಹಂಗೇ ನಿಂಗೂ ಒಂದು ಜೊತೆ ಆಯ್ತದೆ" ಎಂದಿದ್ದಳು. ಅವಳಿಗೆ ನನ್ನ ಸ್ಥಿತಿ ಗೊತ್ತಿತ್ತು. ಗೊತ್ತಿದ್ದೇ ನಿನ್ನನ್ನು ಕಳಿಸಿದ್ದಳು.

ನೀನು ಬರುತ್ತಿದ್ದದ್ದು ಲೆಕ್ಕ ಕಲಿಯಲು. ಆದರೆ ಪುಸ್ತಕ ಮುಚ್ಚಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಒರಗಿ ಹಾಡುತ್ತಿದ್ದೆಯಲ್ಲ, ಅದಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ನನ್ನ ಅಮ್ಮನಿಂದ ನನಗೆ ಬಂದಿದ್ದ ನಾಲ್ಕಾರು ದೇವರನಾಮಗಳನ್ನು ನಿನಗೆ ಹೇಳಿಕೊಟ್ಟೆ. ಒಂದು ವಾರದಲ್ಲಿ ಅವು ನನ್ನವಾಗಿ ಉಳಿಯಲಿಲ್ಲ, ನಿನ್ನವಾದವು. ನಾನು ಅಕ್ಕಿ ತೊಳೆಯುತ್ತ ಕೇಳುತ್ತಿದ್ದೆ. ನನಗಾಗಿ ಯಾರೋ ಹಾಡುತ್ತಿದ್ದಾರೆ ಎಂದು ಅನಿಸುತ್ತಿತ್ತು. ನೀನು ನನಗಾಗಿ ಹಾಡುತ್ತಿರಲಿಲ್ಲ, ಗೊತ್ತು. ಹಾಡದೆ ಇರಲು ಆಗದೆ ಹಾಡುತ್ತಿದ್ದೆ.

ಕೋಲಾರಕ್ಕೆ ಬೆಂಗಳೂರಿನಿಂದ ನಾಟಕ ತಂಡವೊಂದು ಬರುತ್ತದೆ, ಮಾತಿಗಿಂತ ಹಾಡೇ ಹೆಚ್ಚಿರುವ ನಾಟಕವಂತೆ ಎಂದು ಸುದ್ದಿ ತಂದವಳು ನೀನೇ. ನಾಗವೇಣಿ ಒಂದೇ ಮಾತಿಗೆ ಒಪ್ಪಿದಳು. ಶನಿವಾರ ಸಂಜೆ ನಾಟಕ, ರಾತ್ರಿ ವಕ್ಕಲೇರಿಯಲ್ಲಿ ಅವಳ ಅಣ್ಣನ ಮನೆ, ಭಾನುವಾರ ವಾಪಸ್ಸು. ನಾನು ಬರುವುದಿಲ್ಲ ಎಂದೆ. ನಿಮ್ಮ ಕುಟುಂಬದ ನಡುವೆ ನಾನೇಕೆ ಎಂಬ ಸಂಕೋಚ.

"ಏನ್ ಕುಟುಂಬ ಗಿಟುಂಬ, ಸುಮ್ನೆ ಬಾರೇ. ಎರಡು ದಿನ ಒಬ್ಳೇ ಗೋಡೆ ನೋಡ್ಕೊಂಡು ಕೂತ್ಕೊಂತೀಯಾ?" ಎಂದು ನಿನ್ನ ಅಮ್ಮ ನನ್ನ ಕೈಚೀಲವನ್ನು ತಾನೇ ಕಾರಿನೊಳಗೆ ಇಟ್ಟಳು.

ನಿನ್ನ ಅಪ್ಪ ಮುನಿರಾಜು ಬೀಜ ಗೊಬ್ಬರದ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಬಂದಿದ್ದರು. ಮುಂದೆ ಅವರಿಬ್ಬರು, ಹಿಂದೆ ನೀನು, ನಾನು, ನಿನ್ನ ಅಜ್ಜಿ. ಅಜ್ಜಿ ದಾರಿಯುದ್ದಕ್ಕೂ ತೆಲುಗಿನಲ್ಲಿ ತಮ್ಮ ಕಾಲದ ಬಯಲಾಟಗಳ ಕಥೆ ಹೇಳಿದರು. ನೀನು ಮಡಿಲಲ್ಲಿ ಇಟ್ಟುಕೊಂಡಿದ್ದ ಚಕ್ಕುಲಿಯ ಪೊಟ್ಟಣ ನನ್ನ ಕಡೆ ಚಾಚುತ್ತಲೇ ಇದ್ದೆ. ಎಷ್ಟೋ ಕಾಲದ ಮೇಲೆ ನಾನು ಯಾರದೋ ಜೊತೆಗೆ ಎಲ್ಲಿಗೋ ಹೋಗುತ್ತಿದ್ದೆ.

ನಾಟಕ ನಿನಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಹರಿಗೋಲು ನಡೆಸುವವನ ಮಗಳು ಅಪ್ಪನನ್ನು ಹುಡುಕಿಕೊಂಡು ಹೊಳೆಯುದ್ದಕ್ಕೂ ನಡೆಯುತ್ತಾಳೆ; ಆಚೆ ದಡಕ್ಕೆ ಕೂಗಿ ಒಂದು ಹಾಡು ಹಾಡುತ್ತಾಳೆ. ನಾನು ರಂಗದ ಕಡೆ ನೋಡಿದ್ದು ಕಡಿಮೆ. ಕತ್ತಲಲ್ಲಿ ನಿನ್ನ ತುಟಿ ಅಲ್ಲಾಡುತ್ತಿತ್ತು. ನೀನು ಆ ಹಾಡನ್ನು ಹೀರಿಕೊಳ್ಳುತ್ತಿದ್ದೆ. ಅಜ್ಜಿ ನನ್ನ ಕಿವಿಗೆ ಬಾಗಿ, "ಮನ ಪಾಪ ಇಂಕಾ ಬಾಗಾ ಪಾಡ್ತುಂದಿ" ಎಂದರು. ನಮ್ಮ ಮಗು ಇದಕ್ಕಿಂತ ಚೆನ್ನಾಗಿ ಹಾಡುತ್ತದೆ, ಎಂದು. ನನಗೆ ಹೆಮ್ಮೆಯಾಯಿತು. ಅದರ ಜೊತೆಗೇ ಭಯವೂ ಆಯಿತು. ಈ ಹುಡುಗಿ ಇನ್ನು ನನ್ನ ಅಡುಗೆಮನೆಯ ಬಾಗಿಲಲ್ಲಿ ಎಷ್ಟು ದಿನ ನಿಂತಾಳು...

ಮಧ್ಯಂತರ ಬಂತು. ನಿನ್ನ ಅಪ್ಪ ಟೀ ತರಲು ಹೋದರು. ನಾಗವೇಣಿ ಅಜ್ಜಿಯ ಕೈ ಹಿಡಿದು ಹಿಂಬದಿಗೆ ಕರೆದೊಯ್ದಳು. ನಾವಿಬ್ಬರೂ ಹೊರಗೆ ಬಂದೆವು. ನಾನು ನಲ್ಲಿಯಲ್ಲಿ ಬಾಟಲಿ ತುಂಬುತ್ತಿದ್ದೆ. ನೀನು ಸ್ವಲ್ಪ ದೂರದ ಮೆಟ್ಟಿಲಿನ ಮೇಲೆ, ನನಗೆ ಬೆನ್ನು ಮಾಡಿ ನಿಂತು, ಆಗತಾನೆ ಕೇಳಿದ ಆ ಹಾಡನ್ನು ಎತ್ತಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಒಂದಿಬ್ಬರು ತಿರುಗಿ ನೋಡಿ ಟೀ ಕುಡಿಯುವುದನ್ನು ಮುಂದುವರಿಸಿದರು.

ಪಕ್ಕದ ಬಾಗಿಲಿನಿಂದ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದವರು, ಹತ್ತಿಯ ಸೀರೆ, ಕೈಯಲ್ಲಿ ತಾಳ. ತಂಡಕ್ಕೆ ಹಾಡು ಕಲಿಸುವವರು ಎಂದು ಆಮೇಲೆ ಹೇಳಿಕೊಂಡರು. ನಿನ್ನ ಹಾಡು ಮುಗಿಯುವವರೆಗೂ ಅಲ್ಲೇ ನಿಂತರು. ಆಮೇಲೆ ನನ್ನನ್ನು ಕೇಳಿದರು: "ನಿಮ್ಮ ಮಗಳಾ?"

ಅಲ್ಲ, ನನ್ನ ಸ್ನೇಹಿತೆಯ ಮಗಳು, ಇರಿ ಕರೆಯುತ್ತೇನೆ — ಇದು ಬಾಯಿಗೆ ಬರಬೇಕಾಗಿದ್ದ ಮಾತು. ನಾನು "ಹೌದು" ಎಂದೆ.

ಹಾಗೆ ಅನ್ನುವಾಗ ನನಗೆ ಯಾವ ಲೆಕ್ಕಾಚಾರವೂ ಇರಲಿಲ್ಲ. ಆ ಒಂದು ಗಳಿಗೆ ಹಿತವಾಗಿತ್ತು, ಅಷ್ಟೆ. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳಿಯೂ ಪ್ರಯೋಜನವಿಲ್ಲ. ನನ್ನ ಜೀವನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಅದಕ್ಕೆ ಹೌದು ಎನ್ನುವ ಆಸೆಯನ್ನು ತಡೆಯಲಾಗಲಿಲ್ಲ.

"ಒಂದೇ ಸಲ ಕೇಳಿ ಎತ್ಕೊಂಡಿದ್ದಾಳಲ್ರೀ! ಪರೀಕ್ಷೆ ಮುಗೀಲಿ, ನಮ್ಮ ಹತ್ರ ಕಳಿಸಿ. ಒಂದು ವರ್ಷ ನಾನೇ ಕಲಿಸ್ತೀನಿ. ಊಟ, ವಸತಿ ಎಲ್ಲಾ ನಮ್ಮದೇ. ಹುಡುಗೀರು ನನ್ನ ಜೊತೇಲೇ ಇರ್ತಾರೆ, ಭಯ ಬೇಡ. ನಾಟಕ ಮುಗಿದ್ಮೇಲೆ ಒಳಗೆ ಕರ್ಕೊಂಡು ಬನ್ನಿ, ಇನ್ನೊಂದೆರಡು ಹಾಡು ಕೇಳ್ತೀನಿ."

ಆಗ ನಾನು ಯೋಚಿಸಿಯೇ ಮಾತಾಡಿದೆ. "ಅವಳ ತಂದೆ ಒಪ್ಪಲ್ಲ. ನಮ್ಮ ಮನೇಲಿ ಇದೆಲ್ಲ ಆಗಲ್ಲ" ಎಂದೆ.

ಅವರು ನನ್ನನ್ನೇ ನೋಡಿ, "ನಿಮಗೆ? ನಿಮಗೆ ಇಷ್ಟ ಇದೆಯಾ?" ಎಂದರು.

"ನನಗೂ ಇಷ್ಟ ಇಲ್ಲ."

ಒಳಗೆ ಗಂಟೆ ಹೊಡೆಯಿತು. ಅವರು ನಿನ್ನ ಬೆನ್ನಿನ ಕಡೆ ಇನ್ನೊಮ್ಮೆ ನೋಡಿ ಒಳಗೆ ಹೋದರು. ನೀನು ಇಳಿದು ಬಂದು, "ಯಾರು ಆಂಟಿ ಅವ್ರು?" ಎಂದೆ. ಬಾತ್‌ರೂಮ್ ಎಲ್ಲಿ ಅಂತ ಕೇಳಿದರು, ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನ್ನ ಕೈಯಲ್ಲಿದ್ದ ಬಾಟಲಿಯ ನೀರೂ ಅಲುಗಲಿಲ್ಲ.

ನಾಟಕ ಮುಗಿದಾಗ ಕಲಾವಿದರೆಲ್ಲ ರಂಗದ ಮೇಲೆ ನಿಂತಿದ್ದರು, ಜನ ಹತ್ತಿರ ಹೋಗಿ ಮಾತಾಡಿಸುತ್ತಿದ್ದರು. "ಆಂಟಿ, ಒಂದ್ ನಿಮಿಷ ಸ್ಟೇಜ್ ಹತ್ರ ಹೋಗ್ಬರ್ಲಾ?" ಎಂದು ನೀನು ಕೇಳಿದೆ. ಅಮ್ಮನನ್ನಲ್ಲ, ನನ್ನನ್ನು ಕೇಳಿದೆ. ನಾನು, "ಅಜ್ಜಿಗೆ ನಿಲ್ಲಕ್ಕಾಗ್ತಿಲ್ಲ ನೋಡು, ನಡಿ" ಎಂದು ನಿನ್ನ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದೆ. ಅಜ್ಜಿ ಆರಾಮಾಗಿಯೇ ಇದ್ದರು.

ಮರುದಿನ ಬೆಳಗ್ಗೆ ವಕ್ಕಲೇರಿಯಲ್ಲಿ ನೀನು ಕಾಣಲಿಲ್ಲ. ಹುಡುಕಿದರೆ ರೇಷ್ಮೆ ಹುಳುವಿನ ಮನೆಯಲ್ಲಿ, ತಟ್ಟೆಗಳ ನಡುವೆ ಕೂತಿದ್ದೆ. ನಿನ್ನ ಮಾವ ಆಗಷ್ಟೇ ಸೊಪ್ಪು ಹಾಕಿ ಹೋಗಿದ್ದರು. ಹುಳುಗಳು ಮೇಯುವ ಸಣ್ಣ ಸದ್ದು ಕೋಣೆಯನ್ನೆಲ್ಲ ತುಂಬಿತ್ತು. ಅಳುತ್ತಿದ್ದೆಯಾ ಎಂದು ತಿಳಿಯಲಿಲ್ಲ. "ಏನಾಯ್ತೇ?" ಎಂದೆ. "ಏನಿಲ್ಲ ಆಂಟಿ" ಎಂದೆ ನೀನು. ಆಗ ಹೇಳಬಹುದಿತ್ತು. ತಂಡ ಭಾನುವಾರವೂ ಕೋಲಾರದಲ್ಲೇ ಇತ್ತು, ಇನ್ನೊಂದು ಪ್ರದರ್ಶನವಿತ್ತು. ಕಾರಿನಲ್ಲಿ ಎಷ್ಟು ಹೊತ್ತಿನ ದಾರಿ? ನಾನು ನಿನ್ನ ಕೂದಲಿಗೆ ಅಂಟಿದ್ದ ಸೊಪ್ಪಿನ ಚೂರು ತೆಗೆದು, "ತಿಂಡಿಗೆ ಬಾ" ಎಂದೆ.

ವಾಪಸ್ಸು ಬರುವಾಗ ನೀನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದೆ. ನಿನ್ನ ಅಪ್ಪ ಗಾಡಿ ಓಡಿಸುತ್ತ ನಾಗವೇಣಿಗೆ ಹೇಳಿದರು: "ನಮ್ ಪಾಪನೂ ಹಂಗೇ ಹಾಡ್ತಾಳೆ ಅಲ್ವೇನೇ? ಎಲ್ಲಾನಾ ಸರಿಯಾಗಿ ಕಲಿಸೋರಿದ್ರೆ ಸೇರಿಸ್ಬೇಕು ಕಣೇ. ನಂಗೆ ಅದೆಲ್ಲಾ ಗೊತ್ತಾಗಲ್ಲ."

"ವತ್ಸಲಂಗೆ ಯಾರಾನಾ ಗೊತ್ತಿರ್ತಾರೆ" ಎಂದು ನಿನ್ನ ಅಮ್ಮ ಹಿಂದೆ ತಿರುಗಿದಳು. "ಏನೇ, ಗೊತ್ತೇನೇ?"

ಹಿಂದಿನ ಸಂಜೆ ಯಾರ ಹೆಸರನ್ನು ಅಡ್ಡ ಹಿಡಿದಿದ್ದೆನೋ ಅದೇ ಮನುಷ್ಯ ಕನ್ನಡಿಯಲ್ಲಿ ನನ್ನ ಉತ್ತರಕ್ಕಾಗಿ ನೋಡುತ್ತಿದ್ದರು. ನಾನು, "ವಿಚಾರಿಸ್ತೀನಿ" ಎಂದೆ. ವಿಚಾರಿಸಲಿಲ್ಲ.

ಆಮೇಲಿನದು ನಿನಗೆ ಗೊತ್ತೇ ಇದೆ. ನೀನು ಪರೀಕ್ಷೆಯವರೆಗೂ ನನ್ನಲ್ಲಿಗೆ ಬಂದೆ. ಆದರೆ ಹಾಡಲಿಲ್ಲ. ಪುಸ್ತಕ ಮುಚ್ಚಿ ಚಪ್ಪಲಿ ಮೆಟ್ಟುತ್ತಿದ್ದೆ. "ಒಂದು ಹಾಡು ಹೇಳೇ" ಎಂದರೆ, "ಗಂಟಲು ಸರಿಯಿಲ್ಲ ಆಂಟಿ" ಎನ್ನುತ್ತಿದ್ದೆ. ಏನನ್ನು ಉಳಿಸಿಕೊಳ್ಳಲು ನಾನು ಅದನ್ನು ಮಾಡಿದೆನೋ ಅದು ಒಂದು ಸಂಜೆಯೂ ನನಗೆ ಉಳಿಯಲಿಲ್ಲ. ಆಮೇಲೆ ಕೋಲಾರದ ಕಾಲೇಜು, ಬೆಳಗಿನ ಬಸ್ಸು. ಆಮೇಲೆ ಮದುವೆ, ಗೌನಿಪಲ್ಲಿ, ಮಾವಿನ ತೋಟದ ಮನೆ. ನಿನ್ನ ಗಂಡ ಒಳ್ಳೆಯವನು. ನೀನು ನೆಮ್ಮದಿಯಾಗಿದ್ದೀಯ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವೇ ಇರಬಹುದು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನೀನು ಮಗಳನ್ನು ಎತ್ತಿಕೊಂಡು ನನ್ನನ್ನು ನೋಡಲು ಬಂದೆ. ಮಗು ಹಟ ಮಾಡುತ್ತಿತ್ತು. ನೀನು ಫೋನಿನಲ್ಲಿ ಯಾವುದೋ ಜೋಗುಳ ಹಾಕಿ ಅದರ ಪಕ್ಕದಲ್ಲಿಟ್ಟೆ. "ನೀನೇ ಹಾಡಬಾರದೇನೇ?" ಎಂದೆ.

ನೀನು ನಕ್ಕೆ. "ನಂಗೆಲ್ಲಿ ಬರ್ತದೆ ಆಂಟಿ? ಆ ನಾಟಕದ ದಿನ ನಾನು ಬೇಕಂತ್ಲೇ ಅಷ್ಟು ಜೋರಾಗಿ ಹಾಡಿದ್ದು. ಒಳಗಿರೋರು ಯಾರಾದ್ರೂ ಕೇಳಿ ಬರ್ಲಿ ಅಂತ. ಯಾರೂ ಬರ್ಲಿಲ್ಲ. ಅವತ್ತೇ ಗೊತ್ತಾಯ್ತು, ನನ್ ಧ್ವನಿ ಅಷ್ಟೇನೇ ಅಂತ."

ಎಷ್ಟು ಹಗುರವಾಗಿ ಹೇಳಿದೆ! ನಾನು ಕಾಫಿಗೆ ಹಾಲು ತರುವ ನೆಪದಲ್ಲಿ ಒಳಗೆ ಹೋಗಿ ನಿಂತೆ. ಅಲ್ಲಿಯವರೆಗೆ ನಾನು ನಿನ್ನಿಂದ ಒಂದು ಅವಕಾಶ ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ಅವಕಾಶ ಹೋದರೆ ಇನ್ನೊಂದು ಬಂದೀತು. ನಿನ್ನ ಧ್ವನಿಯ ಮೇಲೆ ನಿನಗಿದ್ದ ನಂಬಿಕೆಯನ್ನೇ... ಹದಿನೇಳರ ಹುಡುಗಿ ಆ ರಾತ್ರಿ ತನ್ನಷ್ಟಕ್ಕೆ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ನಿಜ ಗೊತ್ತಿದ್ದ ನಾನು ಅವಳ ಪಕ್ಕದಲ್ಲೇ ಮಲಗಿದ್ದೆ.

ಹೋದ ವಾರ ನಿನ್ನ ಅಮ್ಮನಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತ ನಮ್ಮ ಜಗಲಿಯ ಮೇಲೆ ಕೂತಿದ್ದಳು. ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಮೇಲಿತ್ತು. "ನೀನೇ ಅವ್ಳಮ್ಮ ಅಂತ ಹೇಳ್ಕೊಂಡ್ಯಾ?" ಎಂದು ಕೇಳಿದಳು. ಹೌದು ಎಂದೆ. ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು.

"ಹಂಗಂದಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೇ. ಅಮ್ಮ ಅಂದ್ಮೇಲೆ ಅಮ್ಮನ ಹಂಗೆ ಮಾಡ್ಬೇಕಾಗಿತ್ತು."

ಬಿಡಿಸಿದ ಕಾಳನ್ನು ನನ್ನ ಪಾತ್ರೆಗೇ ಸುರಿದು ಎದ್ದಳು. ಗೇಟಿನ ಹತ್ತಿರ ನಿಂತು, ನನ್ನ ಕಡೆ ತಿರುಗದೆ, "ಅವ್ಳಿಗೆ ನೀನೇ ಹೇಳು. ನನ್ ಬಾಯಲ್ಲಿ ಹೇಳಿಸ್ಬೇಡ" ಎಂದಳು. ಆಮೇಲೆ ಅವಳು ಈ ಕಡೆ ಬಂದಿಲ್ಲ. ನಾನೂ ಆ ಕಡೆ ಹೋಗಿಲ್ಲ. ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದು ಗುರುತು ಸಿಗುತ್ತದೆ. ಅದು ನಮ್ಮ ಬಾಗಿಲು ದಾಟಿ ಹೋಗುತ್ತದೆ.

ಒಂಟಿಯಾಗಿದ್ದೆ, ಅದಕ್ಕೇ ಹಾಗೆ ಮಾಡಿದೆ — ಎಂದು ನಾನು ನಿನಗೆ ಹೇಳುವುದಿಲ್ಲ. ಒಂಟಿಯಾಗಿರುವವರೆಲ್ಲ ಇನ್ನೊಬ್ಬರ ಮಗುವಿನ ಬಾಯಿ ಮುಚ್ಚಿಸುವುದಿಲ್ಲ.

ಭಾನುವಾರ ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ ಗೌನಿಪಲ್ಲಿಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಕ್ಕಲ್ಲ. ಕೇಳಿದರೆ ಅದರ ಭಾರವೂ ನಿನ್ನ ಮೇಲೆಯೇ ಬೀಳುತ್ತದೆ. ಮತ್ತೆ ಹಾಡು ಎಂದು ಹೇಳುವುದಕ್ಕೂ ಅಲ್ಲ. ಅದನ್ನು ಹೇಳುವ ಬಾಯಿ ನನ್ನದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನ್ನ ಗಂಡ, ಅತ್ತೆ ಯಾರು ಇದ್ದರೂ ಅವರ ಮುಂದೆಯೇ ಹೇಳುತ್ತೇನೆ. ಅರ್ಧದಲ್ಲಿ ನೀನು ಎದ್ದು ಒಳಗೆ ಹೋಗಬಹುದು, ಬಾಗಿಲು ಹಾಕಿಕೊಳ್ಳಬಹುದು.

ಆಗಲಿ. ಉಳಿದದ್ದನ್ನು ಬಾಗಿಲಾಚೆ ನಿಂತು ಹೇಳಿ ಮುಗಿಸುತ್ತೇನೆ.