ಬದಲಿ ಬಂದೈತೆ

ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಯುದ್ಧ ಎಂದ ಕೂಡಲೇ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ತಲೆಬರಹ ಹಾಕಿ ಬರೆಸುವ ಪಠ್ಯಪುಸ್ತಕಗಳನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಆ ಪುಸ್ತಕಗಳಲ್ಲಿ ಯಾರಿಗೂ ಹಸಿವಾಗುವುದಿಲ್ಲ. ದೊಡ್ಡ ಸೈನ್ಯವೊಂದು ತಿಂಗಳುಗಟ್ಟಲೆ ಕೋಟೆ ಮುತ್ತಿಕೊಂಡು ಕೂತಿರುತ್ತದೆ, ಒಬ್ಬನಾದರೂ ಒಂದು ತುತ್ತು ಉಂಡ ಸುದ್ದಿಯಿಲ್ಲ. ನನಗೆ ಯುದ್ಧ ಕಲಿಸಿದವರು ನನ್ನ ಮಾವ, ನನ್ನ ಗಂಡನ ತಂದೆ. ಕಲಿಸಿದ್ದು ಹೊಳಲ್ಕೆರೆಯ ಮನೆಯ ಅಡಿಗೆಮನೆಯಲ್ಲಿ. ಅವರು ಹೋಗಿ ಎಷ್ಟೋ ಕಾಲವಾಯಿತು, ಅವರು ನೆನಪಾಗದ ಮಧ್ಯಾಹ್ನ ಮಾತ್ರ ನನಗೆ ಇಲ್ಲಿಯವರೆಗೆ ಬಂದಿಲ್ಲ.

ನನ್ನ ತವರು ಹಿರಿಯೂರಿನ ಕಡೆ. ಅಪ್ಪ ಮಾರಿಕಣಿವೆಯ ನಾಲೆಯ ಮೇಲೆ ನೀರು ಬಿಡುವ ಕೆಲಸದಲ್ಲಿದ್ದರು. ನಾನು ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದೆ. ಕೊನೆಯ ವರ್ಷ ಇತಿಹಾಸದ ಒಂದು ಪತ್ರಿಕೆ ಬಿಟ್ಟು ಉಳಿದೆಲ್ಲ ಬರೆದೆ. ಅದೊಂದು ಯಾಕೆ ಬಿಟ್ಟೆನೆಂದರೆ, ಆವತ್ತೇ ನನ್ನ ನಿಶ್ಚಿತಾರ್ಥ. ಮುಹೂರ್ತ ಇಟ್ಟವರಿಗೆ ವಿಶ್ವವಿದ್ಯಾಲಯದ ವೇಳಾಪಟ್ಟಿ ಗೊತ್ತಿರಲಿಲ್ಲ, ಗೊತ್ತಿದ್ದರೂ ಬದಲಾಯಿಸುತ್ತಿರಲಿಲ್ಲ. ಹಾಗಾಗಿ ಒಂದು ಪತ್ರಿಕೆಯಷ್ಟು ಪದವಿ ಕಡಿಮೆಯಿರುವ ಸೊಸೆಯಾಗಿ ಹೊಳಲ್ಕೆರೆಗೆ ಬಂದೆ. ಆ ಒಂದು ಪತ್ರಿಕೆ ಪಾಸಾದರೆ ಪದವಿ, ಪದವಿಯಾದರೆ ಮೇಷ್ಟ್ರ ಕೆಲಸ. ಇಲ್ಲದಿದ್ದರೆ ಓದಿದ್ದೆಲ್ಲ ಹೊಳೆಗೆ ಹಾಕಿದಂತೆ. ಇದನ್ನು ನಾನು ಒಬ್ಬಳೇ ಲೆಕ್ಕ ಹಾಕುತ್ತಿದ್ದೆ, ಯಾರಿಗೂ ಹೇಳುತ್ತಿರಲಿಲ್ಲ.

ಗಂಡ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಪಾಳಿಯ ಕೆಲಸ, ಮನೆಗೆ ಬಂದರೆ ನಿದ್ದೆ. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವ ದೊಡ್ಡ ಯುದ್ಧದಲ್ಲಿ ಬರ್ಮಾದವರೆಗೆ ಹೋಗಿ ಬಂದು, ಹವಾಲ್ದಾರರಾಗಿ ನಿವೃತ್ತರಾದವರು. ಮೀಸೆ ಇತ್ತು, ಗದರುವ ಗಂಟಲಿತ್ತು, ಸಿಟ್ಟು ಮಾತ್ರ ಇರಲಿಲ್ಲ. ಸಿಟ್ಟಿನ ಖಾತೆಯನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ನಾನು ಪುಸ್ತಕ ಹಿಡಿದರೆ ಅವರು, "ಓದಿದ್ದು ಸಾಲ್ದಾ? ಓದಿ ಯಾವ ಡೀಸಿ ಆಗ್ಬೇಕಾಗೈತೆ?" ಎನ್ನುತ್ತಿದ್ದರು. ಕೆಟ್ಟವರಲ್ಲ. ತಮಗೆ ಸಿಗದ ಬಿಡುವು ಸೊಸೆಗೆ ಯಾಕೆ ಸಿಗಬೇಕು ಎಂಬ ಸಣ್ಣ ಉರಿ, ಅಷ್ಟೇ. ಈಗ ನನಗೆ ಅದು ಅರ್ಥವಾಗುತ್ತದೆ. ಆಗ ಒಲೆಯ ಮುಂದೆ ಕೂತು ಹಲ್ಲು ಕಚ್ಚುತ್ತಿದ್ದೆ.

ಒಂದು ಚಳಿಗಾಲ ಮಾವನಿಗೆ ದುರ್ಗದ ಕೋಟೆ ನೋಡುವ ಮನಸ್ಸಾಯಿತು. "ಹೋಗಾಣ ನಡೀರಿ ಮೂವರೂ" ಎಂದರು. ಬುತ್ತಿ ಕಟ್ಟಿಕೊಂಡು ಬಸ್ ಹತ್ತಿದೆವು. ಕೋಟೆಯೊಳಗೆ ಮಾವ ಗುಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ದಾಟಿದ ಕೂಡಲೇ ದಾರಿ ಯಾಕೆ ಗಕ್ಕನೆ ತಿರುಗುತ್ತದೆ ಎಂದು ನನ್ನನ್ನೇ ಕೇಳಿದರು. ನಾನು ಹಿಂದೆ ತಿರುಗಿ ಬಾಗಿಲನ್ನು ನೋಡಿದೆ. "ಆನೆ ಓಡಿಬಂದು ಬಾಗಿಲಿಗೆ ಗುದ್ದಬೇಕಂದ್ರೆ ಓಡಕೆ ಜಾಗ ಬೇಕು ಕಣವ್ವ. ಆ ಜಾಗಾನೇ ಕೊಟ್ಟಿಲ್ಲ ನೋಡು" ಎಂದರು. ಹೊಂಡದ ಹತ್ತಿರ ನಿಂತು, ಮೇಲಿನ ನೀರು ಕೆಳಗಿನ ಹೊಂಡಕ್ಕೆ ಹೇಗೆ ಇಳಿಯುತ್ತದೆ ಎಂದು ತೋರಿಸಿ, ಕೋಟೆ ಕಾದದ್ದು ಕತ್ತಿಯಲ್ಲ, ಇದು ಎಂದರು. ಮೂರು ವರ್ಷ ಆ ಕೋಟೆಯ ಕೆಳಗೇ ಇದ್ದು ಇತಿಹಾಸ ಓದಿದ್ದೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಬಂಡೆಯ ಸಂದಿನ ಆ ಕಿಂಡಿಗೆ ಬಂದೆವು. ಕೋಟೆ ತೋರಿಸುವವನೊಬ್ಬ ಹತ್ತಾರು ಜನರನ್ನು ನಿಲ್ಲಿಸಿಕೊಂಡು ಒನಕೆ ಹಿಡಿದವಳ ಕತೆ ಹೇಳುತ್ತಿದ್ದ. ಕಾವಲುಗಾರ ಊಟಕ್ಕೆಂದು ಮನೆಗೆ ಬಂದಿದ್ದಾನೆ, ಹೆಂಡತಿ ನೀರಿಗೆ ಹೋದವಳು ಕಿಂಡಿಯಲ್ಲಿ ವೈರಿಗಳು ತೆವಳಿ ಬರುವುದನ್ನು ನೋಡುತ್ತಾಳೆ, ಗಂಡನನ್ನು ಊಟದಿಂದ ಎಬ್ಬಿಸದೆ ಒನಕೆ ಹಿಡಿದು ತಾನೇ ನಿಂತು ಒಬ್ಬೊಬ್ಬರನ್ನೇ ಬಡಿಯುತ್ತಾಳೆ. ಎಲ್ಲರ ಕಣ್ಣಲ್ಲೂ ನೀರು. ಮಾವ ಮಾತ್ರ ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಸರಿ ಕಣಪ್ಪ. ಅವನು ಉಣ್ಣಕೆ ಹೋದಾಗ ಬದಲಿ ಯಾರಿದ್ದ?"

"ಬದಲಿ ಯಾರೂ ಇರ್ಲಿಲ್ಲ ಯಜಮಾನ್ರೇ. ಅದಕ್ಕೇ ಅಲ್ವಾ ಕತೆ ಆಗಿದ್ದು?"

"ಹಂಗಾದ್ರೆ ಅವನ ಮೇಲಿದ್ದೋನು ಹವಾಲ್ದಾರನೇ ಅಲ್ಲ" ಎಂದರು ಮಾವ. "ಹೊಟ್ಟೆ ಎಲ್ಲರಿಗೂ ಐತೆ. ಉಣ್ಣಕೆ ಹೋದೋಂದು ತಪ್ಪಲ್ಲ, ಬದಲಿ ಕೊಡದೋಂದು ತಪ್ಪು. ಆಯಮ್ಮ ದೊಡ್ಡಾಕೆ, ಕೈ ಮುಗೀತೀನಿ. ಆದ್ರೆ ಆಯಮ್ಮಂಗೆ ಅಂಥಾ ಗತಿ ತಂದಿಟ್ಟೋನು ಯಾರು, ಅದನ್ನೂ ಹೇಳು."

ಜನ ನಗಬೇಕೋ ಬೇಡವೋ ತಿಳಿಯದೆ ನಿಂತರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು, "ಬರ್ರಿ ಸುಮ್ನೆ, ಮಾನ ಕಳೀಬ್ಯಾಡ್ರಿ" ಎಂದು ಎಳೆದುಕೊಂಡು ಬಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವ ಇದ್ದಕ್ಕಿದ್ದಂತೆ ಕೇಳಿದರು: "ನೀನು ಎಷ್ಟೊತ್ತಿಗೆ ಉಣ್ತೀಯವ್ವ?"

"ಎಲ್ಲರದೂ ಆದ ಮೇಲೆ."

"ಓದಾದು?"

"ಅದೂ ಎಲ್ಲರದೂ ಆದ ಮೇಲೆ ಮಾವ."

ಅವರು ಕಿಟಕಿಯ ಕಡೆ ತಿರುಗಿ ಕೂತರು.

ಮರುದಿನ ಮಧ್ಯಾಹ್ನ ಅಡಿಗೆಮನೆಯ ಬಾಗಿಲಲ್ಲಿ ಬೂಟಿನ ಸದ್ದು. ಮನೆಯೊಳಗೆ ಬೂಟು ಹಾಕಿಕೊಂಡು ಬಂದ ಮಾವನನ್ನು ನಾನು ನೋಡಿದ್ದು ಅದೊಂದೇ ಸಲ. ನೆಟ್ಟಗೆ ನಿಂತು ಹೇಳಿದರು: "ಬದಲಿ ಬಂದೈತೆ. ಏನೇನೈತೆ ಹೇಳಿ ಹೋಗು."

ಕಾವಲು ಬಿಟ್ಟುಕೊಡುವವರು ಬದಲಿಗೆ ಬಂದವರಿಗೆ ಅಲ್ಲಿಯ ಸ್ಥಿತಿಯನ್ನೆಲ್ಲ ಒಪ್ಪಿಸಬೇಕಂತೆ. ಒಪ್ಪಿಸದೆ ಹೋದರೆ ಅದು ಕಾವಲು ಬಿಟ್ಟು ಓಡಿಹೋದ ಹಾಗೆ. ನಾನು ನಗು ತಡೆದುಕೊಂಡು ಒಪ್ಪಿಸಿದೆ: "ಸಾರು ಕುದೀತೈತೆ. ಹಾಲು ನೆಲುವಿನಾಗೈತೆ. ಬೆಕ್ಕು ಹಿತ್ತಲಾಗೈತೆ."

"ಹೂಂ. ಮೊದ್ಲು ಉಣ್ಣು. ಆಮ್ಯಾಲೆ ಎರಡು ತಾಸು ಓದು."

ಮದುವೆಯಾಗಿ ಬಂದ ಮೇಲೆ ಬಿಸಿ ಮುದ್ದೆ ಉಂಡದ್ದು ಅವತ್ತೇ. ಕಣ್ಣು ತುಂಬಿ ಬಂತು, ಸಾರಿನ ಖಾರ ಎಂದುಕೊಂಡು ಒರೆಸಿಕೊಂಡೆ. ಎರಡು ತಾಸು ಓದಿ ಬಂದು ನೋಡಿದರೆ ಮಾವ ಒಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ಉಳಿದ ಸಾರು ಬತ್ತಿ ಸೀದು ಪಾತ್ರೆಯ ತಳ ಕರಿದಾಗಿದೆ. "ಇಳಿಸಬಾರದಿತ್ತಾ ಮಾವ?" ಎಂದೆ. "ಕುದೀತೈತೆ ಅಂದೆ. ಇಳ್ಸು ಅಂತ ಎಲ್ಲಿ ಹೇಳ್ದೆ? ಅಪ್ಪಣೆ ಅರ್ಧ ಕೊಟ್ರೆ ಹಿಂಗೇ ಆಗದು. ಬರ್ಮಾದಾಗೆ ಇದಕ್ಕಿಂತ ದೊಡ್ಡದು ಸೀದೋಗಿದ್ದ ನಾ ನೋಡೀನಿ" ಎಂದರು. ಬರ್ಮಾದಲ್ಲಿ ಸೀದದ್ದು ಏನು ಎಂದು ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ಅತ್ತೆ ಪಾತ್ರೆ ಉಜ್ಜುತ್ತಾ ಇಡೀ ಸಂಜೆ ಸೈನ್ಯವನ್ನೂ ಸರ್ಕಾರವನ್ನೂ ಸೇರಿಸಿ ಬೈದರು.

ಅಲ್ಲಿಂದ ಅದೇ ನಡೆದುಬಂತು. ದಿನಾ ಊಟದ ಹೊತ್ತಿಗೆ ಬದಲಿ, ನಾನು ಒಪ್ಪಿಸುವುದು, ಈಗ ಪೂರ್ತಿ ಅಪ್ಪಣೆಯೊಂದಿಗೆ. ಓದಿ ಬಂದ ಮೇಲೆ ಮಾವ ನೆಲದ ಮೇಲೆ ಹುರುಳಿಕಾಳು, ಅವರೆಕಾಳು ಸುರಿದುಕೊಂಡು ಓದಿದ್ದನ್ನು ಹೇಳಿಸುತ್ತಿದ್ದರು. ಹುರುಳಿ ಒಳಗಿನವರು, ಅವರೆ ಮುತ್ತಿಗೆ ಹಾಕಿದವರು. "ಇವರಿಗೆ ಊಟ ಎಲ್ಲಿಂದ ಬರ್ತೈತೆ? ಆ ದಾರಿ ಕಾಯೋರು ಯಾರು? ದಣಿದೋರನ್ನ ಹಿಂದಕ್ಕೆ ಕರಕೊಳ್ಳೋರು ಯಾರು?" ಪುಸ್ತಕದಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ. ಇಲ್ಲ ಎಂದರೆ, "ಹಂಗಾದ್ರೆ ಬರೆದೋನು ಒಂದಿನಾನೂ ಕಾವಲು ಕಾದಿಲ್ಲ" ಎನ್ನುತ್ತಿದ್ದರು. ಸಂಜೆಗೆ ಅತ್ತೆ ಎರಡೂ ಸೈನ್ಯವನ್ನು ಬಾಚಿ ಒಂದೇ ನೀರಿಗೆ ನೆನೆಹಾಕಿಬಿಡುತ್ತಿದ್ದರು. ತಾವು ಮಾತ್ರ ಒಂದು ದಿನವೂ ಬದಲಿಗೆ ನಿಲ್ಲಲಿಲ್ಲ. "ಗಂಡಸಿಗೆ ಬುದ್ಧಿ ಇಲ್ಲ, ಹೆಂಗಸಿಗೆ ನಾಚಿಕೆ ಇಲ್ಲ" ಎಂದು ಹಿತ್ತಲಿಗೆ ಕೇಳುವಂತೆ ಹೇಳಿಕೊಳ್ಳುತ್ತಿದ್ದರು.

ಉಳಿದಿದ್ದ ಆ ಪತ್ರಿಕೆಯ ಪರೀಕ್ಷೆಗೆ ಹತ್ತು ದಿನ ಇದ್ದಾಗ ಮಾವ ಮಲಗಿದರು. ಜ್ವರ ಎದೆಗೆ ಇಳಿದಿತ್ತು. ಹತ್ತಿರ ಸದಾ ಒಬ್ಬರು ಇರಲೇಬೇಕು, ಎತ್ತಿ ಕೂರಿಸಿ ಹೊತ್ತುಹೊತ್ತಿಗೆ ಗಂಜಿ, ಔಷಧಿ ಕೊಡಬೇಕು ಎಂದು ಡಾಕ್ಟರು ಹೇಳಿಹೋದರು. ಆ ಕೆಲಸ ನನ್ನದಾಯಿತು. ಅತ್ತೆಗೆ ಭಯ. ಮಾವ ಕೆಮ್ಮಿದರೆ ಸಾಕು, ದೇವರ ಕೋಣೆಗೆ ಓಡುತ್ತಿದ್ದರು. ನನ್ನ ಗಂಡನಿಗೆ ಇದ್ದ ರಜೆಯೆಲ್ಲ ಮೊದಲ ವಾರವೇ ಮುಗಿಯಿತು. ಪರೀಕ್ಷೆಯ ಹಿಂದಿನ ದಿನ ನಾನು ಪುಸ್ತಕಗಳನ್ನು ಟ್ರಂಕಿಗೆ ಹಾಕಿ ಮುಚ್ಚಿದೆ. ಕಾವಲು ಬಿಟ್ಟು ಹೋಗುವ ಹಾಗಿರಲಿಲ್ಲ. ಅದನ್ನು ನನಗೆ ಕಲಿಸಿದವರೇ ಮುಂದೆ ಮಲಗಿದ್ದರು. ದುಃಖ ಆಯಿತು, ಸುಳ್ಳು ಯಾಕೆ ಹೇಳಲಿ, ಮಾವನ ಮೇಲೆ ಒಂದು ಗಳಿಗೆ ಸಿಟ್ಟೂ ಬಂತು. ಆ ಸಿಟ್ಟಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಮರುದಿನ ಬೆಳಗ್ಗೆ ಮಾವನಿಗೆ ಗಂಜಿ ಕುಡಿಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಸ್ನಾನ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಮುಖ ಎಂದಿನ ಹಾಗೆ ಗಂಟು.

"ಬದಲಿ ಬಂದೈತೆ" ಎಂದರು.

ಗಂಜಿಯ ಬಟ್ಟಲು ಹಿಡಿದುಕೊಂಡೇ ತಿರುಗಿ ನೋಡಿದೆ.

"ಏನ್ ಹಂಗ್ ನೋಡ್ತೀಯ? ಏನೇನೈತೆ ಹೇಳಿ ಹೋಗು. ಏಳೂವರೆ ಬಸ್ಸು."

ನಾನು ಒಪ್ಪಿಸಿದೆ: ಯಾವ ಶೀಶೆ ಎಷ್ಟು ಹೊತ್ತಿಗೆ, ಗಂಜಿ ಎಷ್ಟು ತೆಳ್ಳಗೆ, ಕೆಮ್ಮು ಬಂದರೆ ಬೆನ್ನಿಗೆ ದಿಂಬು ಹೇಗೆ. ಅತ್ತೆ ಪ್ರತಿಯೊಂದಕ್ಕೂ ಹೂಂಗುಟ್ಟಿದರು. ಮಾವ ಕಣ್ಣು ಮುಚ್ಚಿಕೊಂಡೇ ಇದ್ದರು, ಮೀಸೆಯ ಕೆಳಗೆ ತುಟಿ ಸ್ವಲ್ಪ ಅಲುಗಿತು.

ಬಸ್ಸುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ರೇಡಿಯೋ ದಿನಾ ಹೇಳುತ್ತಿದ್ದ ಎಮರ್ಜೆನ್ಸಿಯ ಕಾಲ ಅದು. ನಮ್ಮ ಬಸ್ಸು ರೇಡಿಯೋ ಕೇಳುತ್ತಿರಲಿಲ್ಲ. ದುರ್ಗದಲ್ಲಿ ಇಳಿದು ಓಡೋಡಿ ಹೋಗಿ ಪರೀಕ್ಷೆಯ ಹಾಲ್ ಸೇರಿದಾಗ ಪ್ರಶ್ನೆಪತ್ರಿಕೆ ಹಂಚುತ್ತಿದ್ದರು. ಕೋಟೆಗಳ ರಕ್ಷಣೆಯ ಬಗ್ಗೆ ಒಂದು ಪ್ರಶ್ನೆ ಇತ್ತು. ಗೋಡೆಯ ಎತ್ತರ ಬರೆಯಲಿಲ್ಲ ನಾನು. ನೀರು ಬರೆದೆ, ಊಟ ಬರೆದೆ, ಕಾವಲಿನ ಬದಲಿ ಬರೆದೆ.

ಮನೆಗೆ ಬಂದಾಗ ನಾಲ್ಕು ದಾಟಿತ್ತು. ಮಾವ ಮಲಗಿದ್ದರು. ಅತ್ತೆ ಮಂಚದ ಪಕ್ಕ ನಿಂತೇ ಇದ್ದರು. ಕೂತರೆ ಜೊಂಪು ಬರುತ್ತದೆ ಎಂಬ ಹೆದರಿಕೆಯಂತೆ. ಬೆಳಗ್ಗೆ ಮಾಡಿಟ್ಟಿದ್ದ ಮುದ್ದೆ ಮುಚ್ಚಿದ ಹಾಗೇ ಇತ್ತು. ನನ್ನನ್ನು ನೋಡಿ, ಪರೀಕ್ಷೆಯ ಮಾತು ಎತ್ತದೆ, ಗೋಡೆಯ ಕಡೆ ನೋಡುತ್ತಾ ಗಡಗಡನೆ ಒಪ್ಪಿಸಿದರು.

"ಮೂರು ಸಲ ಗಂಜಿ ಕುಡಿದ್ರು. ಔಷಧಿ ತಪ್ಪಿಲ್ಲ. ಎರಡು ಸಲ ಕೆಮ್ಮು ಬಂತು, ದಿಂಬು ಕೊಟ್ಟೆ. ಒಂದ್ಸಲ ನಿನ್ನ ಕೇಳಿದ್ರು, ಬರಿಯಾಕೆ ಹೋಗ್ಯವ್ಳೆ ಅಂದೆ. ಈಗ ನಿದ್ದೆ ಬಂದೈತೆ, ಎಬ್ಬಿಸಬ್ಯಾಡ." ಉಸಿರು ತೆಗೆದುಕೊಂಡು ಹೇಳಿದರು: "ನಾ ಉಣ್ಣಕೆ ಹೋಗ್ತೀನಿ."

ಅಡಿಗೆಮನೆಯಲ್ಲಿ ತಟ್ಟೆ ಇಡುವ ಸದ್ದು ಕೇಳಿತು. ಮಾವ ಕಣ್ಣು ಬಿಡದೆಯೇ, "ಉಂಡ್ಳಾ?" ಎಂದರು. "ಉಣ್ತಾ ಅವ್ರೆ ಮಾವ" ಎಂದೆ. "ಹೂಂ" ಎಂದು ಮಗ್ಗುಲಾದರು.

ಆ ಜ್ವರದಿಂದ ಎದ್ದರು, ಮೊದಲಿನಂತಾಗಲಿಲ್ಲ. ಶ್ರಾವಣದಲ್ಲಿ ಹೋಗಿಬಿಟ್ಟರು. ಫಲಿತಾಂಶ ಬಂದದ್ದು ಅದಾದ ಮೇಲೆ. ಪಾಸಾದ ನಂಬರು ಇದ್ದ ಪೇಪರನ್ನು ಅತ್ತೆ ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು, ಆಮೇಲೆ ಮಡಿಸಿ ಮಾವನ ಆ ಬೂಟುಗಳ ಒಳಗೆ ಇಟ್ಟರು. ನಾನು ಹೊಸದುರ್ಗದಲ್ಲಿ ಮೇಡಂ ಆಗಿ ಕೆಲಸಕ್ಕೆ ಸೇರಿದ ಮೇಲೆ ಅಡಿಗೆಮನೆಯ ಕಾವಲು ಅವರದೇ ಆಯಿತು, ಅವರು ಇರುವವರೆಗೆ.

ಈಗ ಚಿತ್ರದುರ್ಗದಲ್ಲಿದ್ದೇವೆ. ಅಡಿಗೆಮನೆಯ ಕಿಟಕಿಯಿಂದ ಕೋಟೆ ಕಾಣುತ್ತದೆ. ಉಣ್ಣುವ ಹೊತ್ತಿಗೆ ನನ್ನ ತಲೆ ತಾನಾಗಿ ಬಾಗಿಲ ಕಡೆ ತಿರುಗುತ್ತದೆ. ಒಮ್ಮೊಮ್ಮೆ ಬಾಯಿ ಬಿಟ್ಟು ಹೇಳಿಬಿಡುತ್ತೇನೆ: "ಸಾರು ಇಳಿಸೀನಿ. ಹಾಲು ಫ್ರಿಜ್ಜಿನಾಗೈತೆ. ಬೆಕ್ಕು ಇಲ್ಲ ಮಾವ." ಯಾರ ಜೊತೆ ಮಾತು ಎಂದು ಗಂಡ ಪೇಪರಿನ ಹಿಂದಿನಿಂದ ಕೇಳುತ್ತಾರೆ. ಯಾರೂ ಇಲ್ಲ ಎನ್ನುತ್ತೇನೆ, ಒಲೆ ಆರಿಸಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ.