ಬೇಡದ ಶಬ್ದ ತೆಗೆದು ಬರೆಯಿರಿ

ನಮ್ಮ ಯಜಮಾನರು ಸಿರಸಿಯ ಒಂದು ಕಚೇರಿಯಲ್ಲಿ ನಕಲು ಮಾಡುವ ಕಾರಕೂನರಾಗಿದ್ದರು. ಹತ್ತು ವರ್ಷ ಮಾಡಿದ್ದು ಅದೊಂದೇ ಕೆಲಸ, ಎದುರಿಗಿಟ್ಟ ಕಾಗದವನ್ನು ಇನ್ನೊಂದು ಕಾಗದಕ್ಕೆ ಇಳಿಸುವುದು. ಕನ್ನಡವಿರಲಿ, ಮರಾಠಿಯಿರಲಿ, ಅರ್ಥ ಅರೆಬರೆ ತಿಳಿಯುತ್ತಿದ್ದ ಇಂಗ್ಲಿಷೇ ಇರಲಿ, ಒಂದು ಶಬ್ದ ಬಿಡುವಂತಿರಲಿಲ್ಲ. ಬಿಟ್ಟರೆ ಹಾಳೆ ಹರಿದು ಮೊದಲಿಂದ ಬರೆಯಬೇಕು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಡಗೈ ಬೆರಳು ತೊಡೆಯ ಮೇಲೆ ಸಾಲು ಹಿಡಿದು ಸರಿಯುತ್ತಿತ್ತು. ಅದನ್ನು ನೋಡಿದರೆ ನನಗೆ ಸಿಟ್ಟು. ನನಗೆ ಸಿಟ್ಟು ಬರದ ಸಂಗತಿಗಳೇ ಕಡಿಮೆ, ಅದನ್ನೂ ಹೇಳಿಬಿಡುತ್ತೇನೆ.

ಮುಂಬಯಿ ಸರಕಾರ ಹೋಗಿ ಮೈಸೂರಿನದು ಬಂದ ಕೆಲವು ವರ್ಷಕ್ಕೆ, ಇವರಂಥ ಹಂಗಾಮಿ ಕಾರಕೂನರು ಕಾಯಂ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು ಎಂದು ಅವರ ಕಚೇರಿಗೆ ಕಾಗದ ಬಂತು. ಮೂರು ಸಲ ಕೂರಬಹುದು. ಮೂರರಲ್ಲೂ ಆಗದಿದ್ದರೆ ನೌಕರಿ ಹೋಯಿತು. ನೌಕರಿ ಹೋದರೆ ಸಿದ್ದಾಪುರದಲ್ಲಿ ಅವರಣ್ಣನ ಅಂಗಡಿಯ ಹಿಂದಿನ ಕೋಣೆ, ಅಣ್ಣನ ಹೆಂಡತಿಯ ಕೈಕೆಳಗೆ ನಾನು. ಆಕೆಯ ಬಾಯಿ ನನ್ನ ಬಾಯಿಗಿಂತ ಜೋರು.

ಮೊದಲ ಸಲ ಇಂಗ್ಲಿಷಿನಲ್ಲಿ ಹೋಯಿತು. ಎರಡನೆಯ ಸಲ ಬಂದಾಗ ಅವರಿಗೆ ಯಲ್ಲಾಪುರಕ್ಕೆ ವರ್ಗವಾಗಿತ್ತು. ಪರೀಕ್ಷೆಗೆ ಎಂಟು ದಿನವಿದ್ದಾಗ ನಮ್ಮ ಹನ್ನೊಂದು ತಿಂಗಳ ಮಗಳು ಜ್ವರ ಬಂದು ತೀರಿಕೊಂಡಳು. ಅವರು ಕಾರವಾರಕ್ಕೆ ಹೋಗಿ ಪರೀಕ್ಷೆಗೆ ಕೂತು, ಖಾಲಿ ಹಾಳೆ ಕೊಟ್ಟು ಬಂದರು. ಆಮೇಲೆ ಮತ್ತೆ ಸಿರಸಿಗೆ ಬಂದೆವು. ಕೂಸಿನ ಮಾತನ್ನು ಮನೆಯಲ್ಲಿ ಎತ್ತಲು ನಾನು ಬಿಡಲಿಲ್ಲ.

ಮೂರನೆಯ ಸಲಕ್ಕೆ ನಾನೇ ಮಾಸ್ತರಿಕೆಗೆ ಕೂತೆ. ಧಾರವಾಡದಲ್ಲಿ ಮ್ಯಾಟ್ರಿಕ್ ಮಾಡಿದವಳೆಂಬ ಜಂಬ ಬೇರೆ ಇತ್ತಲ್ಲ. ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕಲಿಸುತ್ತಿದ್ದೆ. ಒಂದು ಬಗೆಯ ಪ್ರಶ್ನೆಯಲ್ಲಿ, 'ಅವನಿಗೆ ಓದುವುದು, ಬರೆಯುವುದು ಮತ್ತು ಈಜಲು ಇಷ್ಟ' ಎಂಬಂಥ ಸೊಟ್ಟ ವಾಕ್ಯ ಕೊಟ್ಟು, ಜೊತೆಯ ಮಾತುಗಳನ್ನೆಲ್ಲ ಒಂದೇ ಅಚ್ಚಿಗೆ ತರಲು ಕೇಳುತ್ತಿದ್ದರು. ಪಂಕ್ತಿಯಲ್ಲಿ ಎಲ್ಲರೂ ಕೂತು ಉಣ್ಣುವಾಗ ಒಬ್ಬ ನಿಂತಿರಬಾರದು, ಅಷ್ಟೇ ಎಂದೆ. ತಟ್ಟನೆ ಹಿಡಿದರು. ಸಾಲು ನೆಟ್ಟಗಿರಬೇಕೆಂಬುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ಇನ್ನೊಂದು ಬಗೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಉದ್ದನೆಯ ವಾಕ್ಯ ಕೊಟ್ಟು, ಬೇಡದ ಶಬ್ದ ತೆಗೆದು ಬರೆಯಿರಿ ಎನ್ನುತ್ತಿದ್ದರು. 'ಮುಂಜಾನೆ ಬೆಳಗಿನ ಹೊತ್ತಿನಲ್ಲಿ ಅವನು ತನ್ನ ಸ್ವಂತ ಕಣ್ಣಿನಿಂದ ನೋಡಿದನು' ಎಂಬುದರಲ್ಲಿ ಯಾವುದು ಬೇಡ ಹೇಳಿ ಎಂದರೆ, ಪೆನ್ಸಿಲ್ ಹಿಡಿದು ಕೂತೇ ಇರುವರು. ಬರೆದವರಿಗೆ ಬೇಕಾಗಿತ್ತೇನೋ, ತೆಗೆಯಲು ನಾನ್ಯಾರು ಎನ್ನುವರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಬೈದೆ. ಗಂಡನಿಗೆ ಹಾಗನ್ನಬಾರದು, ಆದರೂ ಅಂದೆ. ಅವರು ನಕ್ಕರು. ಕೊನೆಕೊನೆಗೆ, ನಾನು ಎದುರು ಕೂತಿದ್ದರೆ, ಹೆದರಿ ಹೆದರಿ ಒಂದೆರಡು ಶಬ್ದ ತೆಗೆಯುತ್ತಿದ್ದರು.

ಕಾರವಾರದ ಬಸ್ಸಿಳಿದು ಬಂದವರ ಮುಖ ನೋಡಿಯೇ ನನಗೆ ತಿಳಿಯಿತು. ಸೊಟ್ಟ ವಾಕ್ಯಗಳನ್ನೆಲ್ಲ ಸರಿಮಾಡಿದ್ದರು. ಉದ್ದನೆಯ ವಾಕ್ಯಗಳನ್ನು ಮಾತ್ರ, ಚಿತ್ತು ಕಾಟಿಲ್ಲದೆ, ಇದ್ದದ್ದು ಇದ್ದಹಾಗೆ ನಕಲು ಮಾಡಿ ಬಂದಿದ್ದರು.

"ತಗೀಬೇಕಂತ ಗೊತ್ತಿತ್ತು. ಕೈ ಕೇಳಲಿಲ್ಲ," ಅಂದರು.

ಫಲಿತಾಂಶ ಬಂದ ದಿನ ಕಚೇರಿಯ ಶಿರಸ್ತೇದಾರರು ಒಂದು ದಾರಿ ಹೇಳಿದರು. ಮೇಲಿನವರಿಗೆ ಅರ್ಜಿ ಕೊಡಿ, ಯಾವುದಾದರೂ ಒಂದು ಸಲಕ್ಕೆ ತಕ್ಕ ಕಾರಣವಿದ್ದರೆ ಆ ಸಲವನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೊಂದು ಅವಕಾಶ ಕೊಡುವುದುಂಟು ಎಂದರು. ಇವರು ಎರಡು ದಿನ ಕೂತು, ನಕಲು ಮಾಡಿ ಮಾಡಿ ಕಲಿತ ಇಂಗ್ಲಿಷಿನಲ್ಲಿ ನಾಲ್ಕು ಹಾಳೆ ಬರೆದರು. ಮಹಾಸ್ವಾಮಿಯವರ ಪಾದಾರವಿಂದಗಳಲ್ಲಿ ಎಂದು ಶುರು. ತಂದೆಯ ಹೆಸರು, ಬನವಾಸಿ ಕಡೆಯ ಊರು, ತಾಯಿಯ ಕಣ್ಣಿನ ಪೊರೆ, ಎಲ್ಲ ಇತ್ತು. ಮೂರನೆಯ ಹಾಳೆಯಲ್ಲಿ ಕೂಸು ಇತ್ತು. ನನ್ನ ಒಬ್ಬಳೇ ಮಗಳು, ಹನ್ನೊಂದು ತಿಂಗಳಿನವಳು, ನಾಲ್ಕು ಹಲ್ಲು ಬಂದಿದ್ದವಳು, ಎಂದು ಬರೆದಿದ್ದರು.

ನಾನು ಪೆನ್ಸಿಲ್ ತೆಗೆದುಕೊಂಡು ಹೊಡೆಯುತ್ತ ಹೋದೆ. ಪಾದಾರವಿಂದ ಹೋಯಿತು, ಪೊರೆ ಹೋಯಿತು. ಮೂರನೆಯ ಹಾಳೆಗೆ ಬಂದಾಗ ಅವರು ನನ್ನ ಕೈ ಹಿಡಿದರು.

"ಅದನ್ನೂ ತಗೀತೀ?"

"ಅವರಿಗೆ ಅದು ಯಾಕ ಬೇಕ್ರಿ? ಬ್ಯಾಡಾದ್ದು ಬರದ ಬರದ ಇಲ್ಲೀತನಕ ಬಂದೀರಿ."

ಕೈ ಬಿಟ್ಟರು. ನಿಜ ಹೇಳಬೇಕೆಂದರೆ ಆ ಸಾಲನ್ನು ನನ್ನಿಂದ ಇನ್ನೊಮ್ಮೆ ಓದಲಾಗಲಿಲ್ಲ. ಅವರು ಕೈ ಬಿಟ್ಟ ಕೂಡಲೇ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಐದು ಸಾಲು. ಹತ್ತು ವರ್ಷ ದುಡಿದಿದ್ದೇನೆ, ತಪ್ಪಿಲ್ಲದೆ ಬರೆದಿದ್ದೇನೆ, ಇನ್ನೊಂದು ಅವಕಾಶ ಬೇಡುತ್ತಿದ್ದೇನೆ. ಒಂದೇ ಅಚ್ಚು, ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದರು. ಓದಿ ನಾನೇ ಬೀಗಿದೆ. ಅವರು ಅದನ್ನು ಒಂದು ಶಬ್ದ ಬಿಡದೆ ಶುದ್ಧಪ್ರತಿ ಮಾಡಿ ಕಳಿಸಿದರು.

ಉತ್ತರ ಬರುವತನಕ ಕೆಲಸದಲ್ಲಿ ಇಟ್ಟುಕೊಂಡಿದ್ದರು. ಎರಡು ತಿಂಗಳ ಮೇಲೆ ಅದು ಬಂತು. ಹಿಂದಿನ ಸಲಗಳಲ್ಲಿ ತೇರ್ಗಡೆಯಾಗದ್ದಕ್ಕೆ ಅರ್ಜಿದಾರರು ಕಾರಣ ತೋರಿಸಿಲ್ಲವಾದ್ದರಿಂದ ಅರ್ಜಿ ನಾಮಂಜೂರು. ಅಷ್ಟೇ. ಕಚೇರಿಯ ಕಡತಕ್ಕೆ ಅದರ ನಕಲೊಂದು ಬೇಕಿತ್ತು. ಅದನ್ನೂ ಇವರೇ ಮಾಡಿಕೊಟ್ಟು ಮನೆಗೆ ಬಂದರು.

ನಾನು ಓದಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಕಾಗದವನ್ನು ಬೆಳಕಿಗೆ ಹಿಡಿದು, "ಒಂದ ಶಬ್ದ ಹೆಚ್ಚಿಗಿಲ್ಲ ನೋಡು," ಅಂದರು. ಕೊಂಕಿನ ಮಾತಲ್ಲ, ಕೊಂಕು ಅವರಿಗೆ ಬರುತ್ತಲೇ ಇರಲಿಲ್ಲ.

ಆಮೇಲೆ ಅಂಗಿ ಕಳಚಿ ಗೂಟಕ್ಕೆ ಹಾಕುತ್ತ ಕೇಳಿದರು. "ನಾ ಮೊದಲ ಬರದಿದ್ದು ಆ ಮೂರನೇ ಹಾಳಿ ಎಲ್ಲೈತಿ? ಕೂಸಿಂದು ಬರದಿದ್ನಲ್ಲ, ಅದು ಇರಲಿ ನನ್ನ ಹತ್ರ."

ಆ ನಾಲ್ಕೂ ಹಾಳೆಯನ್ನು ನಾನು ಅರ್ಜಿ ಕಳಿಸಿದ ಮರುದಿನವೇ ಒಲೆ ಹೊತ್ತಿಸಲು ಹಾಕಿದ್ದೆ.